ಮಾತ್ರೆಗೂ ಒಂದು ಪಥ್ಯ

ನಮ್ಮ ಹಿರಿಯರ ಕಾಲದಲ್ಲಿ ಔಷಧಿ ಎಂದರೆ ಎರಡು ಭಾಗ. ಒಂದು, ಪಂಡಿತರು ಪೊಟ್ಟಣ ಕಟ್ಟಿ ಕೊಡುತ್ತಿದ್ದ ಚೂರ್ಣ ಅಥವಾ ಲೇಹ್ಯ. ಇನ್ನೊಂದು, ಅದರ ಜೊತೆಗೇ ಬರುತ್ತಿದ್ದ ಪಥ್ಯ. ಹುಳಿ ಮುಟ್ಟಬೇಡಿ, ಬದನೆಕಾಯಿ ಬೇಡ, ರಾತ್ರಿ ಮೊಸರು ಬೇಡ, ವಾರ ಪೂರ್ತಿ ಮೆಣಸಿನ ಸಾರು ಅನ್ನ. ಔಷಧಿಯನ್ನು ಜೇನಿನಲ್ಲಿ ಕಲಸಬೇಕೋ, ತುಪ್ಪದಲ್ಲೋ, ಬಿಸಿನೀರಿನಲ್ಲೋ ಎಂಬುದಕ್ಕೂ ಒಂದು ಹೆಸರಿತ್ತು: ಅನುಪಾನ. ಆಮೇಲೆ ಇಂಗ್ಲಿಷ್ ಔಷಧಿ ಬಂತು. ಅದರಲ್ಲಿ ಜನ ಮೆಚ್ಚಿಕೊಂಡ ಗುಣಗಳಲ್ಲಿ ಇದೂ ಒಂದು: ಮಾತ್ರೆ ನುಂಗಿದರೆ ಸಾಕು, ಪಥ್ಯದ ಕಾಟವಿಲ್ಲ.

ಹಳೆಯ ಪಥ್ಯಗಳೆಲ್ಲ ಸರಿಯಾಗಿದ್ದವು ಎಂದು ನಾನು ವಾದಿಸುತ್ತಿಲ್ಲ. ಎಷ್ಟೋ ಪಥ್ಯಗಳು ಕೇವಲ ರೂಢಿಯಿಂದ ನಡೆದುಕೊಂಡು ಬಂದವು. ಅವನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಆದರೆ ತಿನ್ನುವ ಆಹಾರಕ್ಕೂ ತೆಗೆದುಕೊಳ್ಳುವ ಔಷಧಿಗೂ ಸಂಬಂಧವಿದೆ ಎಂಬ ಮೂಲ ಮಾತು ಮಾತ್ರ ನಿಜ. ಆಧುನಿಕ ವೈದ್ಯಶಾಸ್ತ್ರ ಇದನ್ನು 20ನೆಯ ಶತಮಾನದಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಕಲಿತ ಬಗೆ ಸ್ವಾರಸ್ಯವಾಗಿದೆ. ಒಬ್ಬ ರೈತ ತಂದ ಮೇವು, ಒಬ್ಬ ಔಷಧಿ ಅಂಗಡಿಯವನು ಬರೆದ ಕಾಗದ, ಒಂದು ಲೋಟ ಹಣ್ಣಿನ ರಸ – ಇಂಥವುಗಳಿಂದ ಆ ಪಾಠ ಶುರುವಾಯಿತು. ಆ ಕಥೆಗಳನ್ನು ಹೇಳಿ, ಪರದೇಶದಲ್ಲಿ ಅಡುಗೆಮನೆ ಹೂಡಿರುವ ನಮಗೆ ಅವುಗಳಿಂದ ಏನು ಪ್ರಯೋಜನ ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲನೆಯದು ದನದ ಕೊಟ್ಟಿಗೆಯ ಕಥೆ. 1920ರ ದಶಕದ ಆರಂಭದಲ್ಲಿ ಪಶ್ಚಿಮ ಕೆನಡಾದಲ್ಲೂ ಅಮೆರಿಕದ ಉತ್ತರ ಡಕೋಟಾದಲ್ಲೂ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ಹೋರಿಗಳ ಬೀಜ ಒಡೆದರೆ ಬೆಳಗಾಗುವಷ್ಟರಲ್ಲಿ ರಕ್ತ ಸುರಿದು ಸತ್ತಿರುತ್ತಿದ್ದವು. ಗಾಯವೇ ಇಲ್ಲದ ದನಗಳ ಮೈಯೊಳಗೂ ರಕ್ತ ಸೋರಿ ಬಾವು ಕಟ್ಟುತ್ತಿತ್ತು. ಯಾವುದೋ ಸಾಂಕ್ರಾಮಿಕ ರೋಗವಿರಬೇಕು ಎಂದುಕೊಂಡರು.

ಇದು ರೋಗಾಣುವಿನ ಕೆಲಸವಲ್ಲ, ಮೇವಿನ ಕೆಲಸ ಎಂದು ತೋರಿಸಿದವರು ಫ್ರಾಂಕ್ ಸ್ಕೋಫೀಲ್ಡ್. ನಾನಿರುವ ಒಂಟಾರಿಯೊ ಪ್ರಾಂತ್ಯದ ಗ್ವೆಲ್ಫ್ ಊರಿನ ಪಶುವೈದ್ಯ ಕಾಲೇಜಿನಲ್ಲಿ ಅವರು ರೋಗಶಾಸ್ತ್ರಜ್ಞರಾಗಿದ್ದರು. (ಇದೇ ಸ್ಕೋಫೀಲ್ಡ್ ಅದಕ್ಕೆ ಮೊದಲು ಕೊರಿಯಾದಲ್ಲಿದ್ದು, 1919ರ ಸ್ವಾತಂತ್ರ್ಯ ಚಳವಳಿಯನ್ನು ಜಪಾನೀಯರು ದಮನಿಸಿದ ಬಗೆಯನ್ನು ಲೋಕಕ್ಕೆ ತಿಳಿಸಿದವರು. ಅವರ ಸಮಾಧಿ ಇಂದಿಗೂ ಸೋಲ್ ನಗರದ ರಾಷ್ಟ್ರೀಯ ಸ್ಮಶಾನದಲ್ಲಿದೆ.) ಆ ಕಾಲದ ರೈತರು ಬರಗಾಲ ತಾಳುವ, ಯೂರೋಪಿನಿಂದ ಬಂದ ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡವನ್ನು ಹೆಚ್ಚಾಗಿ ಬೆಳೆಯುತ್ತಿದ್ದರು. ಸ್ಕೋಫೀಲ್ಡ್ ಒಂದೇ ಬಣವೆಯಿಂದ ಒಳ್ಳೆಯ ಕಡ್ಡಿಗಳನ್ನೂ ಬೂಷ್ಟು ಹಿಡಿದ ಕಡ್ಡಿಗಳನ್ನೂ ಬೇರೆ ಮಾಡಿ ಎರಡು ಮೊಲಗಳಿಗೆ ಹಾಕಿದರು. ಒಳ್ಳೆಯದನ್ನು ತಿಂದದ್ದು ಚೆನ್ನಾಗಿತ್ತು. ಬೂಷ್ಟು ತಿಂದದ್ದು ರಕ್ತಸ್ರಾವದಿಂದ ಸತ್ತಿತು. ಕೆಟ್ಟ ಮೇವು ಹಾಕಬೇಡಿ ಎಂಬ ಸಲಹೆ ಅಲ್ಲಿಂದಲೇ ಹೊರಟಿತು. ಆದರೆ ಬೂಷ್ಟಿನೊಳಗೆ ಇರುವ ವಸ್ತು ಯಾವುದು ಎಂಬುದು ಗೊತ್ತಾಗಲಿಲ್ಲ.

1933ರ ಫೆಬ್ರವರಿ. ಅಮೆರಿಕ ಆರ್ಥಿಕ ಮುಗ್ಗಟ್ಟಿನ ಆಳದಲ್ಲಿತ್ತು. ಬೂಷ್ಟು ಹಿಡಿದಿದ್ದರೂ ಮೇವನ್ನು ಎಸೆಯುವ ಚೈತನ್ಯ ರೈತರಿಗಿರಲಿಲ್ಲ. ವಿಸ್ಕಾನ್ಸಿನ್ ರಾಜ್ಯದ ಡಿಯರ್ ಪಾರ್ಕ್ ಕಡೆಯ ಎಡ್ ಕಾರ್ಲ್‌ಸನ್ ಎಂಬ ರೈತ ಒಂದು ಶನಿವಾರ, ಹಿಮಗಾಳಿ ಬೀಸುತ್ತಿರುವಾಗ, ಸುಮಾರು 190 ಮೈಲಿ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ನಗರಕ್ಕೆ ಬಂದ. ಅವನ ಗಾಡಿಯಲ್ಲಿ ಮೂರು ವಸ್ತುಗಳಿದ್ದವು: ಸತ್ತ ಒಂದು ಕಡಸು, ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ, ನೂರು ಪೌಂಡಿನಷ್ಟು ಕೆಟ್ಟ ಮೇವು. ಸರ್ಕಾರಿ ಪಶುವೈದ್ಯರ ಕಚೇರಿ ಮುಚ್ಚಿತ್ತು. ಹುಡುಕುತ್ತಾ ಬಂದವನಿಗೆ ಬೆಳಕಿದ್ದ ಒಂದು ಬಾಗಿಲು ಸಿಕ್ಕಿತು. ಅದು ವಿಶ್ವವಿದ್ಯಾಲಯದ ಜೀವರಸಾಯನ ಶಾಸ್ತ್ರಜ್ಞ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯ.

ಮೇವು ಬದಲಾಯಿಸು, ಆದರೆ ರಕ್ತ ಕೊಡಿಸಿ ನೋಡು ಎನ್ನುವುದು ಬಿಟ್ಟರೆ ಲಿಂಕ್ ಅವರಲ್ಲಿ ಆ ಹೊತ್ತು ಬೇರೆ ಉತ್ತರವಿರಲಿಲ್ಲ. ರೈತ ಬಂದ ದಾರಿಯಲ್ಲೇ ಹಿಂದಿರುಗಿದ. ಆದರೆ ಅವನು ತಂದ ಮೇವು ಅಲ್ಲೇ ಉಳಿಯಿತು. ಆರು ವರ್ಷ ಅದರ ಹಿಂದೆ ಬಿದ್ದು, 1939ರ ಜೂನ್‌ನಲ್ಲಿ ಲಿಂಕ್ ಅವರ ಸಹೋದ್ಯೋಗಿ ಹೆರಾಲ್ಡ್ ಕ್ಯಾಂಬೆಲ್ ರಕ್ತವನ್ನು ನೀರಾಗಿಸುವ ಆ ವಸ್ತುವನ್ನು ಹರಳಿನ ರೂಪದಲ್ಲಿ ಕೈಗೆ ತಂದುಕೊಂಡರು. ಒಣಹುಲ್ಲಿಗೆ ಸಿಹಿ ಪರಿಮಳ ಕೊಡುವ ಕೂಮರಿನ್ ಎಂಬ ವಸ್ತುವಿದೆ. ಬೂಷ್ಟು ಅದನ್ನು ಡೈಕೂಮರಾಲ್ ಆಗಿ ಮಾರ್ಪಡಿಸುತ್ತದೆ. ದನಗಳನ್ನು ಕೊಂದದ್ದು ಅದೇ. ಅದೇ ಡೈಕೂಮರಾಲ್ ಕೆಲವೇ ವರ್ಷಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಯವರಿಗೆ ಔಷಧಿಯಾಯಿತು.

ಲಿಂಕ್ ಅವರ ಪ್ರಯೋಗಾಲಯ ಇದೇ ಜಾತಿಯ ವಸ್ತುಗಳನ್ನು ಸಾಲಾಗಿ ತಯಾರಿಸಿ ಸಂಖ್ಯೆ ಕೊಟ್ಟಿತ್ತು. ಅವುಗಳಲ್ಲಿ 42ನೆಯದು ಎಲ್ಲಕ್ಕಿಂತ ಬಲವಾದದ್ದು. ಕ್ಷಯದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಇಲಿ ನಿರ್ಮೂಲನದ ಚರಿತ್ರೆ ಓದುತ್ತಿದ್ದ ಲಿಂಕ್ ಅವರಿಗೆ ಇದನ್ನು ಇಲಿ ಪಾಷಾಣವಾಗಿ ಬಳಸಬಹುದೆಂದು ಹೊಳೆಯಿತು. ಹಣ ಒದಗಿಸಿದ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ‘ವಾರ್ಫರಿನ್’ ಎಂದು ಹೆಸರಾಯಿತು. 1948ರಲ್ಲಿ ಅದು ಇಲಿಗಳಿಗಾಗಿ ಮಾರುಕಟ್ಟೆಗೆ ಬಂತು. 1951ರಲ್ಲಿ ಸೈನ್ಯಕ್ಕೆ ಸೇರಿದ್ದ ಒಬ್ಬ ಯುವಕ ಸಾಯಲೆಂದು ಅದನ್ನು ನುಂಗಿದ. ಆಸ್ಪತ್ರೆಯಲ್ಲಿ ವಿಟಮಿನ್ ಕೆ ಕೊಟ್ಟು ಬದುಕಿಸಿದರು. ಮನುಷ್ಯರಿಗೂ ಇದನ್ನು ಹಿಡಿತದಲ್ಲಿಟ್ಟು ಕೊಡಬಹುದು ಎಂಬ ಧೈರ್ಯ ಆಗ ಬಂತು. 1954ರಲ್ಲಿ ಅದಕ್ಕೆ ಮನುಷ್ಯರ ಔಷಧಿಯಾಗಿ ಅನುಮತಿ ಸಿಕ್ಕಿತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಅದನ್ನು ಕೊಟ್ಟರು.

ಆ ಯುವಕನನ್ನು ಬದುಕಿಸಿದ ವಿಟಮಿನ್ ಕೆ ಇಲ್ಲಿ ಮುಖ್ಯ. ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡ್ಯಾಮ್ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ನೋಡುತ್ತಿದ್ದಾಗ ಅವುಗಳಿಗೆ ರಕ್ತಸ್ರಾವವಾದುದರಿಂದ ಪತ್ತೆಯಾದ ಜೀವಸತ್ವ ಅದು. ಹೆಪ್ಪುಗಟ್ಟುವಿಕೆಗೆ ಅವರ ಭಾಷೆಯಲ್ಲಿರುವ ಪದದ ಮೊದಲಕ್ಷರವೇ ‘ಕೆ’. 1943ರ ನೊಬೆಲ್ ಬಹುಮಾನ ಅದಕ್ಕೆ ಸಂದಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಯಕೃತ್ತು ತಯಾರಿಸುವಾಗ ವಿಟಮಿನ್ ಕೆ ಖರ್ಚಾಗುತ್ತದೆ. ದೇಹ ಅದನ್ನು ಮತ್ತೆ ಮತ್ತೆ ಶುದ್ಧಮಾಡಿ ಬಳಸಿಕೊಳ್ಳುತ್ತದೆ. ಆ ಮರುಬಳಕೆಯನ್ನು ತಡೆಯುವುದೇ ವಾರ್ಫರಿನ್ ಕೆಲಸ. ಊಟದಲ್ಲಿ ಹೊಸ ವಿಟಮಿನ್ ಕೆ ಹೇರಳವಾಗಿ ಬಂದರೆ ಔಷಧಿಯ ಬಲ ಕುಗ್ಗುತ್ತದೆ, ಏಕಾಏಕಿ ನಿಂತರೆ ಬಲ ಏರುತ್ತದೆ. ಈ ವಿಟಮಿನ್ ಹೆಚ್ಚಾಗಿರುವುದು ಹಸಿರು ಎಲೆಯಲ್ಲಿ. ಮೇವಿನ ಸೊಪ್ಪಿನಿಂದ ಹುಟ್ಟಿದ ಔಷಧಿಗೆ ಊಟದ ಸೊಪ್ಪೇ ಎದುರಾಳಿ.

ಹಾಗೆಂದು ಸೊಪ್ಪು ಬಿಡಬೇಕಾಗಿಲ್ಲ. ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ, ವೈದ್ಯರು ಐಎನ್‌ಆರ್ ಎಂಬ ರಕ್ತಪರೀಕ್ಷೆ ನೋಡಿ ಮಾತ್ರೆಯ ಅಳತೆಯನ್ನು ಅದಕ್ಕೆ ಹೊಂದಿಸುತ್ತಾರೆ. ತೊಂದರೆ ಆಗುವುದು ರೂಢಿ ತಟ್ಟನೆ ಬದಲಾದಾಗ. ಊರಿನಲ್ಲಿ ದಿನಾ ಸೊಪ್ಪಿನ ಸಾರು, ಬಸ್ಸಾರು, ಪಲ್ಯ ಉಣ್ಣುತ್ತಿದ್ದ ತಂದೆತಾಯಿ ಚಳಿಗಾಲದಲ್ಲಿ ಮಕ್ಕಳ ಮನೆಗೆ ಬಂದು ಆರು ತಿಂಗಳು ಬ್ರೆಡ್ಡು, ಆಲೂಗಡ್ಡೆಯಲ್ಲಿ ಕಳೆದರೆ ಅದೂ ಅಂಥ ಬದಲಾವಣೆಯೇ. ಭಾರತದಲ್ಲಿ ಇದೇ ಗುಂಪಿನ ಅಸಿನೊಕೂಮರಾಲ್ ಹೆಚ್ಚಾಗಿ ಬಳಕೆಯಲ್ಲಿದೆ. ಅದಕ್ಕೂ ಇದೇ ನಿಯಮ. ಇತ್ತೀಚಿನ ಕೆಲವು ರಕ್ತ ತೆಳುಗೊಳಿಸುವ ಔಷಧಿಗಳಿಗೆ ಸೊಪ್ಪಿನ ಚಿಂತೆಯಿಲ್ಲ. ಆದರೆ ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರಿಗೆ ಇಂದಿಗೂ ಹಳೆಯ ಗುಂಪಿನದೇ ಗತಿ.

ಎರಡನೆಯ ಕಥೆ ಕ್ಷಯರೋಗದ ವಾರ್ಡಿನಿಂದ ಮನೋವೈದ್ಯರ ಕೋಣೆಗೆ ಹೋಗುತ್ತದೆ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೋನಿಯಜಿಡ್ ಎಂಬ ಹೊಸ ಮಾತ್ರೆ ಕೊಟ್ಟಾಗ ಅವರು ವಿಪರೀತ ಉಲ್ಲಾಸಗೊಂಡರು. ಮಲಗಿದ್ದವರು ಎದ್ದು ಕುಣಿದರು ಎಂದು ಆ ಕಾಲದ ಪತ್ರಿಕೆಗಳು ಚಿತ್ರಸಮೇತ ಬರೆದವು. ಅಲ್ಲಿಂದ ಹುಟ್ಟಿದ್ದು ಖಿನ್ನತೆಗೆ ಕೊಡುವ ಮೊದಲ ಮಾತ್ರೆಗಳ ವರ್ಗ. ದೇಹದಲ್ಲಿ ಮೋನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವವಿದೆ; ಈ ಮಾತ್ರೆಗಳು ಅದನ್ನು ತಡೆಯುತ್ತವೆ. ಸಾವಿರಾರು ಜನರಿಗೆ ಅವುಗಳಿಂದ ನೆಮ್ಮದಿ ಸಿಕ್ಕಿತು. ಆದರೆ ಕೆಲವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು, ರಕ್ತದೊತ್ತಡ ಏರುವುದು, ಅಪರೂಪಕ್ಕೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸಾವು. ಏಕೆಂದು ಯಾರಿಗೂ ತಿಳಿಯದು.

ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ಬ್ಯಾರಿ ಬ್ಲ್ಯಾಕ್‌ವೆಲ್ ಎಂಬ ಯುವ ವೈದ್ಯರು 1963ರಲ್ಲಿ ಈ ತಲೆನೋವಿನ ವಿಷಯವಾಗಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. ಅದನ್ನು ಓದಿದ ನಾಟಿಂಗ್‌ಹ್ಯಾಮ್‌ನ ರೋ ಎಂಬ ಔಷಧಿ ಅಂಗಡಿಯವರು ಅವರಿಗೊಂದು ಕಾಗದ ಹಾಕಿದರು. ತಮ್ಮ ಹೆಂಡತಿ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಚೀಸ್ ತಿಂದಾಗಲೆಲ್ಲ ಹೀಗಾಗುತ್ತದೆ. ಬೆಣ್ಣೆ, ಹಾಲಿನಿಂದ ಏನೂ ಆಗುವುದಿಲ್ಲ. ಚೀಸಿನಲ್ಲಿರುವ ಯಾವುದಾದರೂ ವಸ್ತುವಿಗೆ ಸಂಬಂಧವಿರಬಹುದೇ ಎಂದು ಕೇಳಿದ್ದರು. ಬ್ಲ್ಯಾಕ್‌ವೆಲ್ ಅವರಿಗೆ ಮೊದಲು ಇದು ತಮಾಷೆಯಾಗಿ ಕಂಡಿತು. ಇಂಗ್ಲಿಷ್ ಜನ ದಿನನಿತ್ಯ ತಿನ್ನುವ ಚೀಸು ಪ್ರಾಣಾಂತಿಕವಾಗುವುದೆಂದರೇನು! ಆದರೆ ಬೇರೆ ಕಡೆಗಳಿಂದಲೂ ಚೀಸಿನ ಹೆಸರು ಬರತೊಡಗಿತು. ಅವರು ರೋಗಿಗಳನ್ನು ವಿಚಾರಿಸಿದರು, ಒಪ್ಪಿದವರ ಮೇಲೆ ಪರೀಕ್ಷಿಸಿ ನೋಡಿದರು. ಮನೆಯಲ್ಲಿ ಕಂಡದ್ದನ್ನು ಇದ್ದ ಹಾಗೆ ಬರೆದ ಆ ಗಂಡನ ಊಹೆ ಸರಿಯಾಗಿತ್ತು.

ಬಹುಕಾಲ ಇಟ್ಟು ಹದಗೊಳಿಸಿದ ಚೀಸಿನಲ್ಲಿ ಟೈರಮೀನ್ ಎಂಬ ವಸ್ತು ಕೂಡಿಕೊಂಡಿರುತ್ತದೆ. ಆ ಹೆಸರೇ ಚೀಸಿನ ಗ್ರೀಕ್ ಪದದಿಂದ ಬಂದದ್ದು. ಸಾಮಾನ್ಯವಾಗಿ ಕರುಳಿನ ಕಿಣ್ವ ಅದನ್ನು ಒಡೆದು ಹಾಕುತ್ತದೆ. ಮಾತ್ರೆ ಆ ಕಿಣ್ವದ ಕೈ ಕಟ್ಟಿಹಾಕಿದಾಗ ಟೈರಮೀನ್ ನೇರವಾಗಿ ರಕ್ತಕ್ಕೆ ಸೇರಿ ಒತ್ತಡವನ್ನು ಮೇಲಕ್ಕೆ ತಳ್ಳುತ್ತದೆ. 1964ರಲ್ಲಿ ಈ ವರ್ಗದ ಒಂದು ಮಾತ್ರೆಯನ್ನು ಅಮೆರಿಕದ ಮಾರುಕಟ್ಟೆಯಿಂದ ಕೆಲಕಾಲ ಹಿಂತೆಗೆದುಕೊಂಡು, ಎಚ್ಚರಿಕೆಗಳೊಂದಿಗೆ ಮತ್ತೆ ಬಿಟ್ಟರು. ಯೀಸ್ಟ್‌ನಿಂದ ಮಾಡುವ ಮಾರ್ಮೈಟ್, ಹುದುಗಿಸಿದ ಸೋಯಾ, ಕೆಲವು ಬಿಯರುಗಳು ಒಂದೊಂದಾಗಿ ನಿಷಿದ್ಧ ಪಟ್ಟಿಗೆ ಸೇರಿದವು. ಡಾಕ್ಟರು ಕೊಟ್ಟ ಮಾತ್ರೆಯ ಜೊತೆಗೆ ‘ಇದನ್ನು ತಿನ್ನಬೇಡಿ’ ಎಂಬ ಉದ್ದನೆಯ ಚೀಟಿ ಹೋಗಲು ಶುರುವಾದದ್ದು ಇಲ್ಲಿಂದಲೇ ಎನ್ನಬಹುದು. ಪಥ್ಯ ಹಿಂದಿರುಗಿತ್ತು.

ಇಪ್ರೋನಿಯಜಿಡ್‌ಗೆ ಐಸೋನಿಯಜಿಡ್ ಎಂಬ ಹತ್ತಿರದ ನೆಂಟನಿದೆ. ಅದು ಇಂದಿಗೂ ಕ್ಷಯದ ಮುಖ್ಯ ಔಷಧಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಕೊಡುವುದು ಅದನ್ನೇ. 1970ರ ದಶಕದಲ್ಲಿ ಶ್ರೀಲಂಕಾದ ವೈದ್ಯ ಸಿ. ಜಿ. ಉರಗೋಡ ಅವರು ಐಸೋನಿಯಜಿಡ್ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಕೆಲವರಿಗೆ ಟ್ಯೂನಾ ಜಾತಿಯ ಮೀನು ತಿಂದ ಮೇಲೆ ಮುಖ ಕೆಂಪಾಗುವುದು, ತಲೆನೋವು, ಎದೆ ಬಡಿತ, ತುರಿಕೆ ಆಗುವುದನ್ನು ಗಮನಿಸಿ ವರದಿ ಮಾಡಿದರು. ಸರಿಯಾಗಿ ತಂಪಿನಲ್ಲಿಡದ ಇಂಥ ಮೀನಿನಲ್ಲಿ ಹಿಸ್ಟಮೀನ್ ಬೆಳೆಯುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಐಸೋನಿಯಜಿಡ್ ಕುಗ್ಗಿಸುತ್ತದೆ. ಟ್ಯೂನಾದ ಬಳಗದಲ್ಲೇ ಬರುವ ನಮ್ಮ ಕರಾವಳಿಯ ಬಂಗುಡೆಯಲ್ಲೂ ಹೀಗೆ ಹಿಸ್ಟಮೀನ್ ಬೆಳೆಯಬಹುದು. ಚೀಸಿನ ಪಟ್ಟಿ ಬರೆದ ಲಂಡನ್ನಿನವರ ಕಣ್ಣಿಗೆ ಬೀಳದ ಸಂಗತಿ, ಮೀನು ಅನ್ನ ಉಣ್ಣುವವರ ನಡುವೆ ಕೆಲಸ ಮಾಡುತ್ತಿದ್ದ ವೈದ್ಯರಿಗೆ ಕಂಡಿತು. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಮೂರನೆಯ ಕಥೆ ಮತ್ತೆ ಒಂಟಾರಿಯೊದ್ದು. ನಮ್ಮಲ್ಲೂ ಲಂಡನ್ ಎಂಬ ಊರಿದೆ, ಅದರ ಪಕ್ಕದಲ್ಲಿ ಥೇಮ್ಸ್ ಎಂಬ ನದಿಯೂ ಇದೆ. ಅಲ್ಲಿನ ಔಷಧ ವಿಜ್ಞಾನಿ ಡೇವಿಡ್ ಬೇಲಿ ಯೌವನದಲ್ಲಿ ಹೆಸರಾಂತ ಓಟಗಾರರು. ಒಂದು ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲ ಕೆನಡಿಯನ್. 1980ರ ದಶಕದ ಕೊನೆಯಲ್ಲಿ ಅವರು ಫೆಲೊಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಪ್ರಯೋಗಕ್ಕೆ ಬಂದವರಿಗೆ ತಾವು ಕುಡಿಯುವುದರಲ್ಲಿ ಮದ್ಯವಿದೆಯೋ ಇಲ್ಲವೋ ತಿಳಿಯಬಾರದು. ಮದ್ಯದ ರುಚಿಯನ್ನು ಮುಚ್ಚಲು ಯಾವ ರಸ ಸರಿ ಎಂದು ಒಂದು ಶನಿವಾರ ರಾತ್ರಿ ಗಂಡಹೆಂಡತಿ ಮನೆಯ ಫ್ರಿಜ್ಜಿನಲ್ಲಿದ್ದ ರಸಗಳನ್ನೆಲ್ಲ ಬೆರೆಸಿ ನೋಡಿದರು. ಗೆದ್ದದ್ದು ಗ್ರೇಪ್‌ಫ್ರೂಟ್ ರಸ.

ಪ್ರಯೋಗ ನಡೆಯಿತು. ಮದ್ಯದ ಪರಿಣಾಮವೇನೋ ಕಂಡಿತು. ಆದರೆ ರಕ್ತದಲ್ಲಿ ಔಷಧಿಯ ಮಟ್ಟ ಮದ್ಯ ಕುಡಿದವರಲ್ಲೂ ಕುಡಿಯದವರಲ್ಲೂ ನಿರೀಕ್ಷೆಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಮಾತ್ರೆಯ ಅಳತೆ ತಪ್ಪಿತೇ, ಯಂತ್ರ ಕೆಟ್ಟಿತೇ ಎಂದು ಎಲ್ಲವನ್ನೂ ತಡಕಾಡಿದರು. ಉಳಿದದ್ದು ರಸವೊಂದೇ. ಬೇಲಿ ಸ್ವತಃ ತಾವೇ ಮಾತ್ರೆಯನ್ನು ಒಮ್ಮೆ ನೀರಿನಲ್ಲಿ, ಒಮ್ಮೆ ಆ ರಸದಲ್ಲಿ ನುಂಗಿ ರಕ್ತ ಪರೀಕ್ಷಿಸಿಕೊಂಡರು. ರಸದ ಜೊತೆ ತೆಗೆದುಕೊಂಡಾಗ ಮಟ್ಟ ಸುಮಾರು ಐದು ಪಟ್ಟಾಗಿತ್ತು. 1991ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ವರದಿಯಲ್ಲಿ ಆರು ಜನರ ಮೇಲೆ ನಡೆದ ಪರೀಕ್ಷೆಯ ವಿವರವಿದೆ: ನೀರಿನೊಂದಿಗೆ ಹೋಲಿಸಿದರೆ ಗ್ರೇಪ್‌ಫ್ರೂಟ್ ರಸದೊಂದಿಗೆ ರಕ್ತ ಸೇರಿದ ಔಷಧಿ ಸರಾಸರಿ 284 ಪ್ರತಿಶತ. ಕಿತ್ತಳೆ ರಸಕ್ಕೆ ಆ ಗುಣವಿರಲಿಲ್ಲ. ಮೊದಮೊದಲು ಬಹಳ ಜನ ನಂಬಲಿಲ್ಲ. ಉಪಾಹಾರದ ಮೇಜಿನ ಮೇಲೆ ದಿನವೂ ಇರುವ ಹಣ್ಣು!

ಕಾರಣ ಆಮೇಲೆ ತಿಳಿಯಿತು. ನಾವು ನುಂಗುವ ಎಷ್ಟೋ ಔಷಧಿಗಳು ಪೂರ್ತಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಗೋಡೆಯಲ್ಲಿ ಸಿವೈಪಿ3ಎ4 ಎಂಬ ಕಿಣ್ವ ಸುಂಕದವನಂತೆ ಕುಳಿತು ದೊಡ್ಡ ಪಾಲನ್ನು ಅಲ್ಲೇ ಕಿತ್ತುಕೊಳ್ಳುತ್ತದೆ. ಆ ಸುಂಕವನ್ನು ಲೆಕ್ಕ ಹಾಕಿಯೇ ಮಾತ್ರೆಯ ತೂಕವನ್ನು ನಿಗದಿ ಮಾಡಿರುತ್ತಾರೆ. ಗ್ರೇಪ್‌ಫ್ರೂಟಿನಲ್ಲಿರುವ ಫ್ಯೂರನೊಕೂಮರಿನ್ ಎಂಬ ವಸ್ತುಗಳು ಆ ಕಿಣ್ವವನ್ನು ಕೆಡಿಸಿಬಿಡುತ್ತವೆ. ಆಗ ಸುಂಕವಿಲ್ಲದೆ ಸರಕೆಲ್ಲ ಒಳಗೆ ಬರುತ್ತದೆ. ಒಂದು ಮಾತ್ರೆ ನುಂಗಿದವರು ಮೂರು ನಾಲ್ಕು ನುಂಗಿದಂತೆ. ಕರುಳು ಹೊಸ ಕಿಣ್ವವನ್ನು ಕಟ್ಟಿಕೊಳ್ಳಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಎಂಬ ಉಪಾಯ ಇಲ್ಲಿ ನಡೆಯುವುದಿಲ್ಲ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಸ್ಟ್ಯಾಟಿನ್, ಮೂತ್ರಪಿಂಡ ಕಸಿಯಾದವರು ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಈ ಪಟ್ಟಿಯಲ್ಲಿವೆ. ಅದೇ ಕೊಲೆಸ್ಟರಾಲ್‌ಗೆ ಕೊಡುವ ರೊಸುವಸ್ಟ್ಯಾಟಿನ್‌ಗೆ ಈ ತೊಂದರೆ ಇಲ್ಲ. ಬೇಲಿ ಮತ್ತು ಸಂಗಡಿಗರ ಲೆಕ್ಕದಂತೆ 2008ರಿಂದ 2012ರ ನಡುವಿನ ನಾಲ್ಕೇ ವರ್ಷಗಳಲ್ಲಿ, ಈ ಹಣ್ಣಿನೊಡನೆ ಸೇರಿ ಗಂಭೀರ ಅಪಾಯ ತರಬಲ್ಲ ಔಷಧಿಗಳ ಸಂಖ್ಯೆ 17ರಿಂದ 43ಕ್ಕೆ ಏರಿತು. ಹೊಸ ಹೊಸ ಔಷಧಿಗಳು ಬಂದಂತೆ ಪಟ್ಟಿ ಬೆಳೆಯುತ್ತದೆ.

ಈ ಹಣ್ಣಿನ ವಂಶವೃಕ್ಷ ನಮ್ಮನ್ನು ಊರಿಗೆ ಕರೆದೊಯ್ಯುತ್ತದೆ. ಗ್ರೇಪ್‌ಫ್ರೂಟ್ 18ನೆಯ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್‌ನಲ್ಲಿ ಕಾಣಿಸಿಕೊಂಡ ಮಿಶ್ರತಳಿ. ತಂದೆತಾಯಿಗಳಲ್ಲಿ ಒಂದು ಸಿಹಿಕಿತ್ತಳೆ, ಇನ್ನೊಂದು ಏಷ್ಯಾದಿಂದ ಅಲ್ಲಿಗೆ ಹೋದ ಚಕ್ಕೋತ. ನಮ್ಮ ದೇವನಹಳ್ಳಿಯ ಚಕ್ಕೋತ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ಹಣ್ಣು, ಅದೇ ಕುಲದ್ದು. ಫ್ಯೂರನೊಕೂಮರಿನ್ ಚಕ್ಕೋತದಲ್ಲೂ ಇರುತ್ತದೆ. ಕಸಿಯಾದ ರೋಗಿಯೊಬ್ಬರಲ್ಲಿ ಚಕ್ಕೋತದಿಂದಾಗಿ ಟ್ಯಾಕ್ರೊಲಿಮಸ್ ಮಟ್ಟ ಏರಿದ ವರದಿ ಜಪಾನಿನಿಂದ ಬಂದಿದೆ. ಮಾರ್ಮಲೇಡ್ ಮಾಡುವ ಕಹಿ ಸೆವಿಲ್ ಕಿತ್ತಳೆಯಲ್ಲೂ ಇದೇ ಗುಣ.

ಈಗ ನಮ್ಮ ವಿಷಯಕ್ಕೆ ಬರೋಣ. ಔಷಧಿಯ ಡಬ್ಬಿಯ ಮೇಲಿನ ಚೀಟಿ ‘ಗ್ರೇಪ್‌ಫ್ರೂಟ್ ಬೇಡ’ ಎನ್ನುತ್ತದೆ. ನಮ್ಮ ಎಷ್ಟೋ ಹಿರಿಯರು ಅದನ್ನು ‘ಗ್ರೇಪ್ಸ್’ ಎಂದು ಓದಿಕೊಂಡು ದ್ರಾಕ್ಷಿಯನ್ನು ಬಿಡುತ್ತಾರೆ. ಏಷ್ಯನ್ ಅಂಗಡಿಯಲ್ಲಿ ಚಕ್ಕೋತ ಕಂಡರೆ ಊರಿನ ಹಣ್ಣು ಸಿಕ್ಕಿತೆಂದು ಸಂತೋಷದಿಂದ ತಂದು ಬಿಡಿಸಿ ತಿನ್ನುತ್ತಾರೆ. ಚೀಟಿ ಹೇಳಿದ್ದೊಂದು, ಮನೆಯಲ್ಲಿ ನಡೆದದ್ದು ಅದಕ್ಕೆ ತಿರುಗುಮುರುಗು. ಚೀಸಿನ ವಿಷಯವೂ ಹಾಗೆಯೇ. ನಮ್ಮ ನಿಘಂಟುಗಳು ಅದಕ್ಕೆ ಗಿಣ್ಣು ಎಂಬ ಅರ್ಥ ಕೊಡುತ್ತವೆ. ಕರು ಹಾಕಿದ ಹಸುವಿನ ಮೊದಲ ಹಾಲಿನಿಂದ ಬೆಲ್ಲ ಹಾಕಿ ಮಾಡುವ ಗಿಣ್ಣಿಗೂ ವರ್ಷಗಟ್ಟಲೆ ಹದಗೊಂಡ ಚೆಡ್ಡರ್‌ಗೂ ಏನು ಸಂಬಂಧ? ಆಗ ತಾನೇ ಒಡೆದು ಮಾಡಿದ ಪನೀರಿನಲ್ಲೂ ಟೈರಮೀನ್ ಬಹಳ ಕಡಿಮೆ. ಅದೇ ಪಟ್ಟಿಯಲ್ಲಿ ‘ಬ್ರಾಡ್ ಬೀನ್ಸ್’ ಇದೆ. ಅದನ್ನು ಅವರೆಕಾಯಿ ಎಂದು ಅನುವಾದಿಸಿ ಹಿತಕಿದ ಬೇಳೆಯನ್ನು ದೂರ ಇಟ್ಟವರಿದ್ದಾರೆ. ಬ್ರಾಡ್ ಬೀನ್ಸ್ ಬೇರೆ ಗಿಡ, ನಮ್ಮ ಅವರೆ ಬೇರೆ.

ಕೆಲವು ವರ್ಷಗಳ ಹಿಂದೆ ಪರಿಚಯದವರ ತಾಯಿಯೊಬ್ಬರನ್ನು ಇಲ್ಲಿನ ಔಷಧಿ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಹಾಸನದ ಕಡೆಯವರು, ಹೃದಯದ ಕವಾಟ ಬದಲಾಯಿಸಿಕೊಂಡವರು. ಅಂಗಡಿಯ ಹುಡುಗಿ ಅಚ್ಚುಹಾಕಿದ ಹಾಳೆ ಕೊಟ್ಟು ಸಾವಧಾನವಾಗಿ ವಿವರಿಸಿದಳು: ಕೇಲ್, ಪಾಲಕ್, ಬ್ರೊಕೊಲಿ, ಬ್ರಸಲ್ಸ್ ಸ್ಪ್ರೌಟ್ಸ್. ಕನ್ನಡದಲ್ಲಿ ಹೇಳಿದಾಗ ಅವರು ನಿರಾಳವಾಗಿ, “ಇದರಲ್ಲಿ ನಾನು ತಿನ್ನೋದು ಯಾವುದೂ ಇಲ್ವಲ್ಲಪ್ಪಾ” ಎಂದರು. ಅವರ ಮಗಳ ಮನೆಯ ಫ್ರೀಜರಿನಲ್ಲಿ ನುಗ್ಗೆಸೊಪ್ಪು, ಮೆಂತ್ಯಸೊಪ್ಪು ಕಟ್ಟುಕಟ್ಟಾಗಿ ಇದ್ದವು. ಬೇಸಿಗೆಯಲ್ಲಿ ಹಿತ್ತಲಿನಲ್ಲಿ ಬಸಳೆ, ಹರಿವೆ, ದಂಟು. “ಅಮ್ಮ, ಸೊಪ್ಪೆಲ್ಲಾ ಒಂದೇ ಲೆಕ್ಕ ಅಂತೆ, ಬಿಡೋದು ಬೇಡ, ಏಕ್ದಮ್ ಹೆಚ್ಚುಕಮ್ಮಿ ಮಾಡಬೇಡಿ ಅಷ್ಟೇ” ಎಂದೆ. ಆ ಹುಡುಗಿ ಸೊಪ್ಪುಗಳ ಹೆಸರನ್ನು ಒಂದೊಂದಾಗಿ ಕೇಳಿ ತನ್ನ ಕಂಪ್ಯೂಟರಿನಲ್ಲಿ ಬರೆದುಕೊಂಡಳು. ತನ್ನ ಹಾಳೆಯಲ್ಲಿ ಇಂಥವಕ್ಕೆ ಜಾಗವೇ ಇಲ್ಲ ಎಂದಳು.

ಆಕೆಯ ಹಾಳೆಯಲ್ಲಿ ಏಕೆ ಜಾಗವಿಲ್ಲ ಎಂಬುದಕ್ಕೆ ಮೇಲಿನ ಮೂರು ಕಥೆಗಳೇ ಉತ್ತರ. ಈ ಪಟ್ಟಿಗಳು ಎಲ್ಲಾ ಆಹಾರಗಳನ್ನೂ ತೂಗಿ ಅಳೆದು ಬರೆದವಲ್ಲ. ಯಾರ ಊಟದಲ್ಲಿ ಏನು ಇತ್ತೋ, ಯಾರು ಅದನ್ನು ಬಾಯಿಬಿಟ್ಟು ಹೇಳಿದರೋ, ಅದು ಪಟ್ಟಿಗೆ ಸೇರಿದೆ. ಇಂಗ್ಲೆಂಡಿನವರು ಚೀಸು ತಿನ್ನುತ್ತಿದ್ದರು, ಚೀಸು ಸೇರಿತು. ಶ್ರೀಲಂಕಾದವರು ಮೀನು ತಿನ್ನುತ್ತಿದ್ದರು, ಮೀನು ಸೇರಿತು. ಇಟಲಿಯ ವೈದ್ಯರು 2008ರಲ್ಲಿ ವರದಿ ಮಾಡಿದ್ದನ್ನು ನೋಡಿ: ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಿದ್ದವರಲ್ಲಿ ಅದು ಸರಿಯಾಗಿ ಹೀರಿಕೆಯಾಗುತ್ತಿರಲಿಲ್ಲ. ಎದ್ದ ಕೂಡಲೇ ಕಾಫಿ ಕುಡಿಯುವ ದೇಶದಲ್ಲಿ ಅದು ಕಂಡುಬಂದದ್ದು ಸಹಜ. ಡಿಕಾಕ್ಷನ್ ಇಳಿಯುವ ಪರಿಮಳಕ್ಕೇ ಎಚ್ಚರವಾಗುವ ನಮ್ಮ ಮನೆಗಳಿಗೆ ಇದಕ್ಕಿಂತ ಅನ್ವಯವಾಗುವ ಮಾತು ಇನ್ನೊಂದಿಲ್ಲ. ಮಾತ್ರೆ ನೀರಿನಲ್ಲಿ ನುಂಗಿ, ಅರ್ಧ ಒಂದು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಇನ್ನೂ ಹಲವು ಗಂಟೆ ದೂರ ಇಡಬೇಕು.

ಹೀಗೆ ನಮ್ಮ ದಿನಚರಿಯನ್ನು ಮುಟ್ಟುವ ಇನ್ನೂ ಕೆಲವು ಸಂಗತಿಗಳಿವೆ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್‌ಗಳನ್ನು ಹಾಲಿನ ಜೊತೆ ತೆಗೆದುಕೊಂಡರೆ ಹಾಲಿನ ಕ್ಯಾಲ್ಸಿಯಂ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ‘ಮಾತ್ರೆ ಉಷ್ಣ, ಹಾಲು ಕುಡಿ’ ಎನ್ನುವ ಮನೆಮಾತು ಅಲ್ಲಿ ಕೆಲಸ ಕೆಡಿಸುತ್ತದೆ. ಚಹಾದ ಒಗರು ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ. 1975ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಅನ್ನದ ಊಟದ ಮೇಲೂ ಇದನ್ನು ಪರೀಕ್ಷಿಸಿ ತೋರಿಸಿದರು. ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆ ನುಂಗಿ ಅದರ ಮೇಲೆ ಲೋಟ ಚಹಾ ಕುಡಿಯುವ ಹೆಂಗಸರು ನಮ್ಮಲ್ಲಿ ಎಷ್ಟು ಮಂದಿ! ಕೆಮ್ಮಿಗೆಂದು ಬಾಯಲ್ಲಿಡುವ ಜ್ಯೇಷ್ಠಮಧುವಿಗೂ ಒಂದು ಚರಿತ್ರೆಯಿದೆ. 1940ರ ದಶಕದಲ್ಲಿ ಹಾಲೆಂಡಿನ ವೈದ್ಯ ರೆವರ್ಸ್, ಒಂದು ಊರಿನ ಔಷಧಿ ಅಂಗಡಿಯವನು ಮಾರುತ್ತಿದ್ದ ಜ್ಯೇಷ್ಠಮಧುವಿನ ಲೇಹ್ಯದಿಂದ ಹೊಟ್ಟೆಹುಣ್ಣು ಗುಣವಾಗುವುದನ್ನು ಗಮನಿಸಿ ಪರೀಕ್ಷಿಸಿದರು. ಹುಣ್ಣೇನೋ ವಾಸಿಯಾಗುತ್ತಿತ್ತು, ಆದರೆ ಕೆಲವರ ಮುಖ, ಕಾಲು ಊದಿಕೊಳ್ಳುತ್ತಿದ್ದವು. ಅದನ್ನು ಹೆಚ್ಚು ದಿನ ಹೆಚ್ಚು ತಿಂದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ನೀರು ಇಳಿಸುವ ಮಾತ್ರೆಯನ್ನೋ ಹೃದಯದ ಡಿಜಾಕ್ಸಿನ್ ಅನ್ನೋ ತೆಗೆದುಕೊಳ್ಳುವವರಿಗೆ ಅದು ಅಪಾಯ.

ಎಲ್ಲ ನಂಟೂ ಕೆಟ್ಟದ್ದಲ್ಲ ಎಂಬುದನ್ನೂ ಹೇಳಬೇಕು. ಚರ್ಮದ ಹುಳುಕಡ್ಡಿಗೆ ಕೊಡುವ ಗ್ರಿಸಿಯೊಫುಲ್ವಿನ್ ಜಿಡ್ಡಿನ ಊಟದ ಜೊತೆ ಹೆಚ್ಚು ಚೆನ್ನಾಗಿ ಹೀರಿಕೆಯಾಗುತ್ತದೆ ಎಂದು 1961ರಲ್ಲೇ ಗೊತ್ತಾಯಿತು. ತುಪ್ಪದ ಅನುಪಾನ ಹೇಳುತ್ತಿದ್ದ ಪಂಡಿತರು ಕೇಳಿದ್ದರೆ ನಗುತ್ತಿದ್ದರೇನೋ.

ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು, ಊಟವನ್ನೂ ನಿಲ್ಲಿಸಬಾರದು. ಮಾಡಬೇಕಾದ ಕೆಲಸ ಸಣ್ಣದು. ತಂದೆತಾಯಿ ಊರಿನಿಂದ ಬರುವಾಗ ಅವರ ಮಾತ್ರೆಗಳ ಪಟ್ಟಿಯ ಜೊತೆ ಅವರ ಊಟದ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಬರೆಯೋಣ: ದಿನಾ ತಿನ್ನುವ ಸೊಪ್ಪು, ಹಣ್ಣು, ಕಷಾಯ, ಲೇಹ್ಯ, ಮನೆಮದ್ದು. ನುಗ್ಗೆ, ಚಕ್ಕೋತ, ಜ್ಯೇಷ್ಠಮಧು ಎಂದರೆ ಇಲ್ಲಿನವರಿಗೆ ತಿಳಿಯದು. ಇಂಗ್ಲಿಷ್ ಹೆಸರನ್ನೂ ಸಸ್ಯಶಾಸ್ತ್ರದ ಹೆಸರನ್ನೂ ಪಕ್ಕದಲ್ಲಿ ಸೇರಿಸೋಣ. ಡಾಕ್ಟರು ಕೇಳದಿದ್ದರೂ ಅದನ್ನು ಕೈಗೆ ಕೊಡೋಣ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವು ಎರಡು ಬೇರೆ ಬೇರೆ ಬುದ್ಧಿಮಾತು ಎಂದುಕೊಂಡಿದ್ದೇವೆ. ಔಷಧಿಯ ವಿಷಯದಲ್ಲಿ ಊಟವೂ ಬೇಕು, ಮಾತೂ ಬೇಕು.

ವಿಸ್ಕಾನ್ಸಿನ್‌ನ ಆ ರೈತ ರಕ್ತದ ಕ್ಯಾನನ್ನು ಮಾತ್ರ ತಂದಿದ್ದರೆ ಲಿಂಕ್ ಅವರಿಗೆ ಒಂದು ಕಾಯಿಲೆ ಕಾಣುತ್ತಿತ್ತು, ಅಷ್ಟೇ. ಹಿಮದಲ್ಲಿ 190 ಮೈಲಿ ಬರುವಾಗ ಅವನು ದನ ತಿಂದ ಮೇವನ್ನೂ ಗಾಡಿಗೆ ಹೇರಿಕೊಂಡು ಬಂದ. ಆರು ವರ್ಷದ ಸಂಶೋಧನೆ ಆ ಮೇವಿನಿಂದ ನಡೆಯಿತು. ನಾವೂ ವೈದ್ಯರ ಬಳಿ ಹೋಗುವಾಗ ರಕ್ತ ಪರೀಕ್ಷೆಯ ವರದಿಯನ್ನಂತೂ ಒಯ್ಯುತ್ತೇವೆ. ತಿಂದದ್ದರ ವರದಿಯನ್ನೂ ಒಯ್ಯೋಣ.